ಮೀಟರ್ ತೋರಿಸಿದ್ದೇ ತೇವಾಂಶವೇ?

ಪ್ರಶ್ನೆ: ಸುಂಟಿಕೊಪ್ಪದ ಬಳಿ ನಮಗೆ ಸ್ವಲ್ಪ ರೋಬಸ್ಟಾ ಕಾಫಿ ತೋಟವಿದೆ. ಈ ಸಲದ ಚೆರಿಯ (ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಸ್ಯಾಂಪಲ್ ಸಿಪ್ಪೆ ತೆಗೆದು ಮನೆಯ ಮಾಯಿಶ್ಚರ್ ಮೀಟರ್‌ಗೆ ಹಾಕಿದಾಗ ತೇವಾಂಶ ಶೇ 11.2 ಬಂತು. ಅದೇ ಚೀಲದ ಕಾಫಿಗೆ ವ್ಯಾಪಾರಿಯ ಮೀಟರ್ 12.4 ತೋರಿಸಿತು. ನಿಜವಾದ ತೇವಾಂಶ ಎಷ್ಟು ಎಂದು ನಾನು ಕೇಳಿದ್ದಕ್ಕೆ ಮಡಿಕೇರಿಯಲ್ಲಿ ಬಿಎಸ್‌ಸಿ ಓದುತ್ತಿರುವ ಮಗಳು, “ನಿಜವಾದ ತೇವಾಂಶ ಎಂಬುದೇ ಇಲ್ಲ, ಅಳೆಯುವ ವಿಧಾನವೇ ಅದರ ಅರ್ಥ. ಪರಮಾಣು, ಎಲೆಕ್ಟ್ರಾನ್ ಕೂಡ ಲೆಕ್ಕಕ್ಕೆ ಅನುಕೂಲವಾದ ಕಲ್ಪನೆಗಳಷ್ಟೇ” ಎಂದಳು. ಹಾಗಾದರೆ ಬೀಜದೊಳಗೆ ನೀರು ಇರುವುದು ಸುಳ್ಳೇ? ವಿಜ್ಞಾನ ಓದಿದವರು ಹೀಗೆ ಹೇಳಬಹುದೇ?

ಉತ್ತರ: ಬೀಜದೊಳಗೆ ನೀರು ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಿಮ್ಮ ಮಗಳ ಪರವಾಗಿಯೂ ಸಾಕಷ್ಟು ಮಾತನಾಡಲಿದ್ದೇನೆ. ಅವಳು ಹೇಳಿದ್ದು ಪೊಳ್ಳು ಮಾತಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮೇಲ್ಮಟ್ಟದ ಭೌತವಿಜ್ಞಾನಿಗಳೇ ಅದನ್ನು ಗಟ್ಟಿಯಾಗಿ ಹೇಳಿದ್ದಾರೆ. ಆದರೆ ಅವಳ ಮಾತಿನಲ್ಲಿ ಎರಡು ಬೇರೆ ಸಿದ್ಧಾಂತಗಳು ಒಂದಾಗಿ ಕೂತಿವೆ. ಒಂದು ಪರಿಕಲ್ಪನೆಯ ಅರ್ಥವೆಲ್ಲ ಅದನ್ನು ಅಳೆಯುವ ಕ್ರಿಯೆಗಳಲ್ಲೇ ಮುಗಿಯುತ್ತದೆ ಎನ್ನುವುದು ಆಪರೇಷನಲಿಸಂ. ವಿಜ್ಞಾನದ ಸಿದ್ಧಾಂತಗಳು ಮುನ್ನಂದಾಜು ಮಾಡುವ ಸಲಕರಣೆಗಳು, ಅವು ನಿಜವೇ ಎಂದು ಕೇಳಬೇಕಾಗಿಲ್ಲ ಎನ್ನುವುದು ಇನ್‌ಸ್ಟ್ರುಮೆಂಟಲಿಸಂ, ಅಂದರೆ ಸಾಧನವಾದ. ಮೊದಲನೆಯದು ಅರ್ಥದ ಪ್ರಶ್ನೆ, ಎರಡನೆಯದು ಸತ್ಯದ ಪ್ರಶ್ನೆ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆದ್ದರಿಂದ ಬಿಡಿಸಿಯೇ ನೋಡಬೇಕು.

ನಿಮ್ಮ ಮೀಟರ್‌ನಿಂದಲೇ ಶುರುಮಾಡೋಣ. ತೋಟಗಳಲ್ಲಿ ಬಳಸುವ ಮೀಟರ್‌ಗಳಲ್ಲಿ ಹೆಚ್ಚಿನವು ನೀರನ್ನು ನೇರವಾಗಿ ಅಳೆಯುವುದಿಲ್ಲ. ಎರಡು ಲೋಹದ ಫಲಕಗಳ ನಡುವೆ ಬೀಜ ಸುರಿದಾಗ ಅವುಗಳ ವಿದ್ಯುತ್ ಧಾರಕತೆ, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯ, ಎಷ್ಟು ಬದಲಾಯಿತು ಎಂಬುದನ್ನು ಅಳೆಯುತ್ತವೆ. ನಡುವೆ ತುಂಬಿದ ವಸ್ತು ಧಾರಕತೆಯನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂದು ಹೇಳುವ ಡೈಎಲೆಕ್ಟ್ರಿಕ್ ಸ್ಥಿರಾಂಕ ನೀರಿಗೆ ಸುಮಾರು 80. ಪೂರ್ತಿ ಒಣಗಿದ ಬೀಜದ್ದು ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ನೀರು ಚೂರು ಹೆಚ್ಚಿದರೂ ಧಾರಕತೆ ಏರುತ್ತದೆ. ಆ ಏರಿಕೆಯನ್ನು ಶೇಕಡಾವಾರು ಅಂಕಿಗೆ ತಿರುಗಿಸುವ ಕೋಷ್ಟಕ ಮೀಟರ್‌ನೊಳಗೆ ಇರುತ್ತದೆ. ಅರೇಬಿಕಾಗೆ ಒಂದು ಕೋಷ್ಟಕ, ರೋಬಸ್ಟಾಗೆ ಇನ್ನೊಂದು, ಪಾರ್ಚ್‌ಮೆಂಟ್‌ಗೆ (ಒಳಹೊಟ್ಟು ಸಮೇತ ಒಣಗಿಸಿದ ಬೀಜ) ಮತ್ತೊಂದು. ಬೀಜ ಬಿಸಿಲಿನ ಕಣದಿಂದ ನೇರವಾಗಿ ಬಂದಿದೆಯೇ, ಗೋದಾಮಿನಲ್ಲಿ ತಣಿದಿದೆಯೇ, ಬಟ್ಟಲಿಗೆ ಸಡಿಲವಾಗಿ ಬಿತ್ತೇ, ಒತ್ತಾಗಿ ಕೂತಿತೇ, ಇವೆಲ್ಲವೂ ಅಂಕಿಯನ್ನು ಅಲುಗಿಸುತ್ತವೆ.

ಆ ಕೋಷ್ಟಕ ಎಲ್ಲಿಂದ ಬಂತು? ಪ್ರಯೋಗಾಲಯದ ಓವನ್‌ನಿಂದ. ಐಎಸ್ಒ 6673 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಹಸಿರು ಕಾಫಿಯನ್ನು, ಅಂದರೆ ಹುರಿಯದ ಬೀಜವನ್ನು, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 16 ಗಂಟೆ ಇಟ್ಟು ಎಷ್ಟು ತೂಕ ಇಳಿಯಿತು ಎಂದು ನೋಡುತ್ತಾರೆ. ಆ ಮಾನದಂಡ ತಾನು ಅಳೆಯುವುದನ್ನು ‘ತೇವಾಂಶ’ ಎಂದು ಕರೆಯುವುದಿಲ್ಲ, ‘105 ಡಿಗ್ರಿಯಲ್ಲಿ ತೂಕನಷ್ಟ’ ಎನ್ನುತ್ತದೆ. ಬರೆದವರ ಎಚ್ಚರಕ್ಕೆ ನಾನು ತಲೆಬಾಗುತ್ತೇನೆ. ಅಷ್ಟು ಬಿಸಿಯಲ್ಲಿ ನೀರಿನ ಜೊತೆಗೆ ಆವಿಯಾಗಬಲ್ಲ ಬೇರೆ ವಸ್ತುಗಳೂ ಹೋಗುತ್ತವೆ, ಬೀಜದ ಕೆಲವು ಅಂಶಗಳು ಒಡೆದು ಹೊಸದಾಗಿ ನೀರು ಹುಟ್ಟುವುದೂ ಉಂಟು. ಅದನ್ನು ತಪ್ಪಿಸಲು ರಾಸಾಯನಿಕ ದಾರಿಯೊಂದಿದೆ: 1935ರಲ್ಲಿ ಜರ್ಮನಿಯ ಕಾರ್ಲ್ ಫಿಷರ್ ರೂಪಿಸಿದ ವಿಧಾನ. ಅಲ್ಲಿ ಅಯೋಡಿನ್ ಮತ್ತು ಸಲ್ಫರ್ ಡೈಆಕ್ಸೈಡ್ ನೀರಿನ ಜೊತೆ ಲೆಕ್ಕ ಹಾಕಿದಂತೆ ವರ್ತಿಸುವುದರಿಂದ, ಎಷ್ಟು ಅಯೋಡಿನ್ ಖರ್ಚಾಯಿತು ಎಂಬುದರಿಂದ ನೀರು ಎಷ್ಟಿತ್ತು ಎಂದು ತಿಳಿಯುತ್ತದೆ.

ಇನ್ನೂ ಒಂದು ತೊಡಕು. ನೂರು ಕಿಲೋ ಕಾಫಿಯಲ್ಲಿ 12 ಕಿಲೋ ನೀರಿದ್ದರೆ, ಒಟ್ಟು ತೂಕದ ಲೆಕ್ಕದಲ್ಲಿ ಅದು ಶೇ 12. ಒಣ ಭಾಗವಾದ 88 ಕಿಲೋಗೆ ಹೋಲಿಸಿದರೆ ಶೇ 13.6. ಕಾಫಿಯೂ ಅದೇ, ನೀರೂ ಅಷ್ಟೇ. ವ್ಯಾಪಾರದಲ್ಲಿ ಮೊದಲನೆಯ ಲೆಕ್ಕವೇ ರೂಢಿ. ಕೆಲವು ವೈಜ್ಞಾನಿಕ ಬರಹಗಳಲ್ಲಿ ಎರಡನೆಯದು ಇರುತ್ತದೆ.

ಮೀಟರ್‌ಗಳು ಬರುವುದಕ್ಕೂ ಮೊದಲಿನಿಂದ ನಮ್ಮ ಕಣಗಳಲ್ಲಿ ಇರುವ ಫೋರ್ಲಿಟ್ ಅಳತೆಯನ್ನೂ ಇಲ್ಲಿ ನೆನೆಯಬೇಕು. ನಲವತ್ತು ಲೀಟರ್ ಹಿಡಿಯುವ ಆ ಅಳತೆಗೆ ಕಾಫಿ ತುಂಬಿ ತೂಗುತ್ತಾರೆ. ಒಣಗುತ್ತಾ ಹೋದಂತೆ ತೂಕ ಇಳಿಯುತ್ತದೆ. ಇಳಿಯುವುದು ನಿಂತು ಇವತ್ತಿನ ತೂಕವೇ ನಾಳೆಯೂ ಬಂದರೆ ಕಾಫಿ ಒಣಗಿತು ಎಂದರ್ಥ. ಈ ಪರೀಕ್ಷೆ ನೀರು ಎಂಬ ಮಾತನ್ನೇ ಎತ್ತುವುದಿಲ್ಲ. ತುಂಬು, ತೂಗು, ಮತ್ತೆ ತೂಗು, ಹೋಲಿಸು. ‘ಒಣಗಿದೆ’ ಎಂಬ ಪದಕ್ಕೆ ಇದಕ್ಕಿಂತ ಸ್ವಚ್ಛವಾದ ಕ್ರಿಯಾರೂಪದ ವ್ಯಾಖ್ಯೆ ನನಗೆ ಗೊತ್ತಿಲ್ಲ. ನಿಮ್ಮ ಮಗಳು ಹೇಳುತ್ತಿರುವ ತತ್ತ್ವ ಹುಟ್ಟುವ ನೆಲ ಇಂಥದ್ದೇ.

ಆ ತತ್ತ್ವಕ್ಕೆ ರೂಪ ಕೊಟ್ಟವರು ಪರ್ಸಿ ಬ್ರಿಜ್ಮನ್. ಹಾರ್ವರ್ಡ್‌ನಲ್ಲಿ ಬದುಕೆಲ್ಲಾ ಅತಿ ಒತ್ತಡದ ಪ್ರಯೋಗಗಳನ್ನು ಮಾಡಿದವರು, ಅದಕ್ಕಾಗಿ 1946ರಲ್ಲಿ ನೊಬೆಲ್ ಪಡೆದವರು. ಕುರ್ಚಿಯಲ್ಲಿ ಕೂತು ಯೋಚಿಸಿ ಹೊಸೆದ ತತ್ತ್ವ ಇದಲ್ಲ ಎಂಬುದನ್ನು ಗಮನಿಸಿ. ಅವರ ಉಪಕರಣದೊಳಗೆ ಒತ್ತಡ ಏರುತ್ತಾ ಹೋದಂತೆ ಹಳೆಯ ಮಾಪಕಗಳು ಕೈಕೊಡುತ್ತಿದ್ದವು, ಒಡೆಯುತ್ತಿದ್ದವು. ಅದರಾಚೆಗೆ ಅಳೆಯಲು ಅವರು ಮ್ಯಾಂಗನಿನ್ ಎಂಬ ಮಿಶ್ರಲೋಹದ ತಂತಿಯ ವಿದ್ಯುತ್ ರೋಧ ಒತ್ತಡದೊಂದಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಬಳಸಿದರು. ಹಿಂದಿನ ಮಾಪಕ ಕೆಲಸ ಮಾಡದ ಕಡೆ ಹೊಸ ಮಾಪಕ ತೋರಿಸುವ ಅಂಕಿಯನ್ನು ‘ಒತ್ತಡ’ ಎಂದು ಕರೆಯುವ ಹಕ್ಕು ನಮಗೆ ಎಲ್ಲಿಂದ ಬಂತು? ಈ ಪ್ರಶ್ನೆ ಅವರಿಗೆ ದಿನನಿತ್ಯದ ಕೆಲಸದಲ್ಲೇ ಎದುರಾದದ್ದು.

ಇನ್ನೊಂದು ಪೆಟ್ಟು ಐನ್‌ಸ್ಟೈನ್ 1905ರಲ್ಲಿ ಕೊಟ್ಟದ್ದು. ದೂರದೂರದ ಎರಡು ಘಟನೆಗಳು ‘ಏಕಕಾಲದಲ್ಲಿ’ ನಡೆದವು ಎಂದು ಎಲ್ಲರೂ ಹೇಳುತ್ತಿದ್ದರು. ಅದನ್ನು ಹೇಗೆ ತಿಳಿಯುತ್ತೀರಿ ಎಂದು ಹೆಚ್ಚಿನವರು ಕೇಳಿರಲಿಲ್ಲ. ಬೆಳಕಿನ ಸಂಕೇತ ಕಳಿಸಿ ಗಡಿಯಾರಗಳನ್ನು ಹೊಂದಿಸುವ ವಿಧಾನವನ್ನು ಐನ್‌ಸ್ಟೈನ್ ಬರೆದುಕೊಂಡು ನೋಡಿದಾಗ, ಒಬ್ಬರಿಗೆ ಏಕಕಾಲವಾದದ್ದು ಅವರ ಎದುರು ವೇಗವಾಗಿ ಸಾಗುತ್ತಿರುವವರಿಗೆ ಏಕಕಾಲವಾಗದು ಎಂದು ತಿಳಿಯಿತು. ನ್ಯೂಟನ್ನನ ಕಾಲದಿಂದ ಅಲುಗದೆ ನಿಂತಿದ್ದ ಪರಿಕಲ್ಪನೆ ಒಂದು ಪ್ರಶ್ನೆಗೆ ಕುಸಿಯಿತು. ಬ್ರಿಜ್ಮನ್‌ಗೆ ಇದು ಎಚ್ಚರಿಕೆಯ ಗಂಟೆ. ಹೀಗೆ ಮತ್ತೆಂದೂ ಮೋಸಹೋಗಬಾರದು ಎಂದಾದರೆ ಪ್ರತಿಯೊಂದು ಪರಿಕಲ್ಪನೆಯನ್ನೂ ಅದರ ಅಳತೆಯ ಕ್ರಿಯೆಗಳಿಗೆ ಬಿಗಿದುಬಿಡಬೇಕು. 1927ರ ‘ದಿ ಲಾಜಿಕ್ ಆಫ್ ಮಾಡರ್ನ್ ಫಿಸಿಕ್ಸ್’ ಪುಸ್ತಕದಲ್ಲಿ ಅವರು ಹೇಳಿದ್ದರ ತಿರುಳು ಇಷ್ಟು: ಪರಿಕಲ್ಪನೆ ಎಂದರೆ ಅದಕ್ಕೆ ಸಂಬಂಧಿಸಿದ ಕ್ರಿಯೆಗಳ ಸಮೂಹ, ಅದಕ್ಕಿಂತ ಹೆಚ್ಚೇನೂ ಇಲ್ಲ.

ಇದರ ಪರಿಣಾಮವನ್ನು ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಅಳತೆಕೋಲಿಟ್ಟು ಅಳೆದ ಉದ್ದ ಒಂದು ಪರಿಕಲ್ಪನೆ, ಬೆಳಕಿನಿಂದ ಅಳೆದ ಉದ್ದ ಇನ್ನೊಂದು. ಎರಡೂ ಒಂದೇ ಅಂಕಿ ಕೊಡುತ್ತಿರುವುದರಿಂದ ಒಂದೇ ಹೆಸರಿನಿಂದ ಕರೆಯುತ್ತೇವೆ, ಅಷ್ಟೆ. ಆ ಲೆಕ್ಕದಲ್ಲಿ ನಿಮ್ಮ ಮೀಟರ್‌ನ ತೇವಾಂಶ, ವ್ಯಾಪಾರಿಯ ಮೀಟರ್‌ನ ತೇವಾಂಶ, ಓವನ್‌ನ ತೇವಾಂಶ, ಕಾರ್ಲ್ ಫಿಷರ್ ತೇವಾಂಶ ಎಲ್ಲವೂ ಬೇರೆ ಬೇರೆ. 11.2 ಸರಿಯೋ 12.4 ಸರಿಯೋ ಎಂಬ ನಿಮ್ಮ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ. ಮಗಳು ಹೇಳಿದ್ದು ಇದನ್ನೇ.

ಇಲ್ಲಿಂದ ನಾನು ನಿಮ್ಮ ಕಡೆಗೆ ಬರುತ್ತೇನೆ. ಅಳತೆಯ ಇತಿಹಾಸದಲ್ಲಿ ನಿಜವಾಗಿ ನಡೆದದ್ದನ್ನು ಈ ಸಿದ್ಧಾಂತದಿಂದ ವಿವರಿಸಲು ಆಗುವುದಿಲ್ಲ ಎಂಬುದು ನನ್ನ ಮುಖ್ಯ ಆಕ್ಷೇಪ. ಥರ್ಮಾಮೀಟರ್‌ನ ಕಥೆ ನೋಡಿ. 1840ರ ದಶಕದಲ್ಲಿ ಪ್ಯಾರಿಸ್‌ನ ಹೆನ್ರಿ ವಿಕ್ಟರ್ ರೆನ್ಯೋ ಉಗಿಯಂತ್ರಗಳಿಗೆ ಬೇಕಾದ ನಿಖರ ಅಂಕಿಗಳನ್ನು ಕೂಡಿಸುತ್ತಿದ್ದಾಗ, ಬೇರೆ ಬೇರೆ ಗಾಜಿನಿಂದ ಮಾಡಿದ ಪಾದರಸದ ಥರ್ಮಾಮೀಟರ್‌ಗಳು ಹೆಚ್ಚಿನ ತಾಪಮಾನದಲ್ಲಿ ಒಂದಕ್ಕೊಂದು ಹೊಂದುವುದಿಲ್ಲ ಎಂದು ಕಂಡರು. ಸರಿಯಾದದ್ದು ಯಾವುದು ಎಂದು ಹೇಳಲು ‘ನಿಜವಾದ ತಾಪಮಾನ’ ಯಾರ ಕೈಯಲ್ಲೂ ಇರಲಿಲ್ಲ. ರೆನ್ಯೋ ಇಟ್ಟುಕೊಂಡ ಒರೆಗಲ್ಲು ಸರಳವಾಗಿತ್ತು: ಒಂದೇ ಬಗೆಯ ಥರ್ಮಾಮೀಟರ್‌ಗಳನ್ನು ಸ್ವಲ್ಪ ಬದಲಿಸಿ ಮಾಡಿದಾಗಲೂ ಅವು ತಮ್ಮೊಳಗೆ ಒಪ್ಪಬೇಕು. ಪಾದರಸ ಈ ಪರೀಕ್ಷೆಯಲ್ಲಿ ಸೋತಿತು, ಗಾಳಿಯ ಥರ್ಮಾಮೀಟರ್ ಉಳಿಯಿತು. ಅದೇ ದಶಕದ 1848ರಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಆದ ವಿಲಿಯಂ ಥಾಮ್ಸನ್ ಯಾವ ನಿರ್ದಿಷ್ಟ ವಸ್ತುವಿಗೂ ಅಂಟದ ತಾಪಮಾನದ ಅಳತೆಯೊಂದನ್ನು ಉಷ್ಣಶಾಸ್ತ್ರದಿಂದ ಕಟ್ಟಲು ಹೊರಟರು. ಆ ಸಿದ್ಧಾಂತ ಬೆಳೆದ ಮೇಲೆ ಗಾಳಿಯ ಥರ್ಮಾಮೀಟರ್ ಎಲ್ಲಿ ಎಷ್ಟು ತಪ್ಪುತ್ತದೆ ಎಂದೂ ಹೇಳಲು ಸಾಧ್ಯವಾಯಿತು.

‘ತಪ್ಪುತ್ತದೆ’ ಎಂಬ ಪದದ ಮೇಲೆ ಬೆರಳಿಡಿ. ತಾಪಮಾನ ಎಂದರೆ ಥರ್ಮಾಮೀಟರ್ ಓದಿದ್ದೇ ಆಗಿದ್ದರೆ ಥರ್ಮಾಮೀಟರ್ ತಪ್ಪಲು ಸಾಧ್ಯವೇ ಇಲ್ಲ. ಆದರೆ ವಿಜ್ಞಾನಿಗಳು ಒಂದು ಉಪಕರಣವನ್ನು ಇನ್ನೊಂದರಿಂದ, ಎರಡನ್ನೂ ಸಿದ್ಧಾಂತದಿಂದ, ಸಿದ್ಧಾಂತವನ್ನು ಮತ್ತೆ ಉಪಕರಣಗಳಿಂದ ತಿದ್ದುತ್ತಲೇ ಬಂದಿದ್ದಾರೆ. ತಿದ್ದುವ ಕೆಲಸಕ್ಕೆ ಅರ್ಥ ಬರಬೇಕಾದರೆ ಎಲ್ಲ ಅಳತೆಗಳೂ ತಲುಪಲು ಯತ್ನಿಸುತ್ತಿರುವ ಏನೋ ಒಂದು ಇರಬೇಕು.

ಇದಕ್ಕೆ ಬಲವಾದ ಪುರಾವೆ ತೀರಾ ಈಚಿನದು. 2019ರ ಮೇ 20ರವರೆಗೆ ಕೆಲ್ವಿನ್ ಎಂಬ ಮಾನವನ್ನು ನೀರಿನ ತ್ರಿಬಿಂದುವಿನಿಂದ, ಅಂದರೆ ಮಂಜುಗಡ್ಡೆ, ನೀರು, ಆವಿ ಮೂರೂ ಒಟ್ಟಿಗೆ ಸಮತೋಲದಲ್ಲಿರುವ ಸ್ಥಿತಿಯಿಂದ ವ್ಯಾಖ್ಯಾನಿಸುತ್ತಿದ್ದರು. ಅಂದಿನಿಂದ, ತಾಪಮಾನವನ್ನು ಕಣಗಳ ಶಕ್ತಿಗೆ ಜೋಡಿಸುವ ಬೋಲ್ಟ್ಸ್‌ಮನ್ ಸ್ಥಿರಾಂಕಕ್ಕೆ 1.380649 × 10⁻²³ ಜೂಲ್ ಪ್ರತಿ ಕೆಲ್ವಿನ್ ಎಂಬ ಬೆಲೆಯನ್ನು ಶಾಶ್ವತವಾಗಿ ನಿಗದಿ ಮಾಡಿ, ಕೆಲ್ವಿನ್ ಅದರಿಂದ ಹೊರಡುವಂತೆ ಮಾಡಲಾಗಿದೆ. ಹೊಸ ವ್ಯಾಖ್ಯೆಯಲ್ಲಿ ಯಾವ ಅಳತೆಯ ಕ್ರಿಯೆಯೂ ಇಲ್ಲ. ಅನಿಲದಲ್ಲಿ ಶಬ್ದದ ವೇಗ ಅಳೆದು ತಾಪಮಾನ ತಿಳಿಯಬಹುದು, ರೋಧಕದಲ್ಲಿ ಏಳುವ ವಿದ್ಯುತ್ ಗದ್ದಲದಿಂದ ತಿಳಿಯಬಹುದು, ಅನಿಲದ ಡೈಎಲೆಕ್ಟ್ರಿಕ್ ಗುಣದಿಂದಲೂ ತಿಳಿಯಬಹುದು. ಈ ದಾರಿಗಳೆಲ್ಲ ಒಂದೇ ಬೆಲೆಯ ಕಡೆಗೆ ಬಂದು ಸೇರಿದ ಮೇಲೆಯೇ ಆ ಸಂಖ್ಯೆಯನ್ನು ನಿಗದಿ ಮಾಡಿದ್ದು. ವ್ಯಾಖ್ಯೆ ಒಂದು ಕಡೆ, ಅದನ್ನು ಕೈಗೆ ತರುವ ಕ್ರಿಯೆಗಳು ಇನ್ನೊಂದು ಕಡೆ ಎಂದು ಅಳತೆಯ ವಿಜ್ಞಾನವೇ ಬೇರ್ಪಡಿಸಿಬಿಟ್ಟಿತು. ಬ್ರಿಜ್ಮನ್ 1961ರಲ್ಲಿ ತೀರಿಕೊಂಡರು. ಈ ಬೆಳವಣಿಗೆಯನ್ನು ಅವರು ನೋಡಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ತತ್ತ್ವಶಾಸ್ತ್ರದ ಕಡೆಯಿಂದಲೂ ಏಟುಗಳು ಬಿದ್ದವು. ರುಡಾಲ್ಫ್ ಕಾರ್ನಾಪ್ 1936ರಲ್ಲಿ ‘ಕರಗಬಲ್ಲ’ ಎಂಬ ಸಾಮಾನ್ಯ ಗುಣವನ್ನೇ ತೆಗೆದುಕೊಂಡು, ಎಂದೂ ನೀರಿಗೆ ಹಾಕದ ವಸ್ತುವಿನ ಬಗ್ಗೆ ಕ್ರಿಯಾರೂಪದ ವ್ಯಾಖ್ಯೆ ಎಡವುತ್ತದೆ ಎಂದು ತೋರಿಸಿದರು. ಗೋದಾಮಿನ ಮೂಲೆಯಲ್ಲಿ ಯಾರೂ ಮೀಟರ್ ಹಿಡಿಯದ ಚೀಲವೊಂದು ಇದ್ದರೆ ಅದಕ್ಕೆ ತೇವಾಂಶವೇ ಇಲ್ಲವೇ? ಮಳೆಗಾಲ ಮುಗಿಯುವಷ್ಟರಲ್ಲಿ ಅದರಲ್ಲಿ ಬೂಷ್ಟು ಹಿಡಿಯುತ್ತದೆ. ಕಾರ್ಲ್ ಹೆಂಪೆಲ್ ಐವತ್ತರ ದಶಕದಲ್ಲಿ ಇನ್ನೊಂದು ಮಾತು ಹೇಳಿದರು: ಪ್ರತಿ ವಿಧಾನಕ್ಕೂ ಒಂದು ಹೊಸ ಪರಿಕಲ್ಪನೆ ಎನ್ನುತ್ತಾ ಹೋದರೆ ವಿಜ್ಞಾನದ ಸರಳತೆಯೇ ಹೋಗುತ್ತದೆ. ಕೆಲವೇ ಪರಿಕಲ್ಪನೆಗಳಿಂದ ಅನೇಕ ವಿದ್ಯಮಾನಗಳನ್ನು ಹೆಣೆಯುವುದರಲ್ಲೇ ಅದರ ಶಕ್ತಿ ಇರುವುದು.

ಕೊಡಗಿನವರಿಗೆ ಇದನ್ನು ಆನೆಯ ಲೆಕ್ಕದಿಂದ ಹೇಳುವುದು ಸುಲಭ. ಕಾಡನ್ನು ಬ್ಲಾಕ್‌ಗಳಾಗಿ ಹಂಚಿಕೊಂಡು ಕಣ್ಣಿಗೆ ಕಂಡ ಆನೆಗಳನ್ನು ಎಣಿಸುವುದು ಒಂದು ದಾರಿ. ಲದ್ದಿಯ ರಾಶಿಗಳನ್ನು ಎಣಿಸಿ, ಆನೆ ದಿನಕ್ಕೆ ಎಷ್ಟು ಸಲ ಲದ್ದಿ ಹಾಕುತ್ತದೆ, ಅದು ಕರಗಲು ಎಷ್ಟು ದಿನ ಬೇಕು ಎಂಬುದರಿಂದ ಸಂಖ್ಯೆ ತೆಗೆಯುವುದು ಇನ್ನೊಂದು. ಲದ್ದಿಯ ಡಿಎನ್‌ಎಯಿಂದ ಒಂದೊಂದು ಆನೆಯನ್ನೂ ಗುರುತಿಸಿ ಅಂದಾಜು ಮಾಡುವುದು ಮೂರನೆಯದು. 2025ರ ಅಕ್ಟೋಬರ್‌ನಲ್ಲಿ ಬಂದ ಡಿಎನ್‌ಎ ಆಧಾರಿತ ಅಖಿಲ ಭಾರತ ಅಂದಾಜಿನಲ್ಲಿ ದೇಶದ ಆನೆಗಳು 22,446, ಕರ್ನಾಟಕದಲ್ಲಿ 6,013. ದೇಶದ ಹಿಂದಿನ ಅಂಕಿ ಇದಕ್ಕಿಂತ ದೊಡ್ಡದಿತ್ತು. ಆದರೆ ವಿಧಾನವೇ ಬದಲಾಗಿರುವುದರಿಂದ ಹಳೆಯ ಅಂಕಿಗಳೊಂದಿಗೆ ಇದನ್ನು ಹೋಲಿಸಬಾರದು ಎಂದು ಆ ವರದಿಯೇ ಎಚ್ಚರಿಸಿತು. ಆ ಎಚ್ಚರಿಕೆ ಬ್ರಿಜ್ಮನ್ ಕಲಿಸಿದ್ದು, ಅದು ಅಮೂಲ್ಯ. ಅದಿಲ್ಲದಿದ್ದರೆ ಆನೆಗಳು ಸಾವಿರಗಟ್ಟಲೆ ಸತ್ತವೆಂದು ಯಾರಾದರೂ ಕೂಗಿಬಿಡುತ್ತಿದ್ದರು. ಹಾಗೆಂದು ‘ಡಿಎನ್‌ಎ ಆನೆ’, ‘ಲದ್ದಿ ಆನೆ’ ಎಂಬ ಎರಡು ಪ್ರಾಣಿಗಳಿಲ್ಲ. ಸಿದ್ದಾಪುರದ ಕಡೆ ತೋಟಕ್ಕೆ ಇಳಿಯುವ ಆನೆ ಯಾವ ವಿಧಾನದಿಂದ ಎಣಿಸಿದರೂ ಅದೇ ಆನೆ.

ಬ್ರಿಜ್ಮನ್‌ರ ಮಾತನ್ನು ಅವರಿಗಿಂತ ಹೆಚ್ಚು ಉತ್ಸಾಹದಿಂದ ಹಿಡಿದುಕೊಂಡವರು ಮನಶ್ಶಾಸ್ತ್ರಜ್ಞರು. ಬುದ್ಧಿಮತ್ತೆ ಎಂದರೆ ಬುದ್ಧಿಮತ್ತೆಯ ಪರೀಕ್ಷೆಗಳು ಅಳೆಯುವ ವಸ್ತು ಎಂದು ಎಡ್ವಿನ್ ಬೋರಿಂಗ್ 1923ರಲ್ಲೇ ಬರೆದಿದ್ದರು. ಇದರಲ್ಲಿ ಅಪಾಯವಿದೆ. ಮಗುವಿನ ಜಾಣತನ ಎಂದರೆ ಅಂಕಪಟ್ಟಿ ಎಂದು ವ್ಯಾಖ್ಯಾನಿಸಿಬಿಟ್ಟರೆ, ಪರೀಕ್ಷೆಯೇ ಕೆಟ್ಟದಾಗಿದೆ ಎಂದು ದೂರುವ ದಾರಿಯೇ ಮುಚ್ಚುತ್ತದೆ. ಬ್ರಿಜ್ಮನ್ ಕೊನೆಗೆ ಬೇಸರಪಟ್ಟರು. 1953ರ ಒಂದು ವಿಚಾರಸಂಕಿರಣದಲ್ಲಿ, ತಾನು ಸೃಷ್ಟಿಸಿದ್ದು ತನ್ನ ಕೈಮೀರಿ ಹೋಗಿದೆ, ಅದಕ್ಕೆ ಅಂಟಿಸಿದ ‘ಇಸಂ’ ತನಗೆ ಹಿಡಿಸದು ಎಂಬರ್ಥದ ಮಾತಾಡಿದರು. ತಾನು ಹೇಳಹೊರಟದ್ದು ಒಂದು ವಿಚಾರಕ್ರಮವನ್ನೇ ಹೊರತು ಮತವನ್ನಲ್ಲ ಎಂಬುದು ಅವರ ಅಳಲು. ನಾನು ಅವರನ್ನು ಓದುವುದೂ ಹಾಗೆಯೇ. ‘ಹೇಗೆ ಅಳೆದಿರಿ?’ ಎಂಬ ಪ್ರಶ್ನೆಯನ್ನು ಎಂದೂ ಬಿಡಬಾರದು. ‘ಅಳೆದದ್ದನ್ನು ಬಿಟ್ಟರೆ ಬೇರೇನೂ ಇಲ್ಲ’ ಎಂಬ ತೀರ್ಮಾನಕ್ಕೆ ಹಾರಬಾರದು.

ನಿಮ್ಮ ವ್ಯವಹಾರದ ಮಾತನ್ನು ಇಲ್ಲೇ ಮುಗಿಸುತ್ತೇನೆ. ಐವತ್ತು ಕಿಲೋ ಕಾಫಿಯಲ್ಲಿ 1.2 ಅಂಶದ ವ್ಯತ್ಯಾಸವೆಂದರೆ 600 ಗ್ರಾಂ ನೀರು, ಅದು ಸಣ್ಣ ಮಾತಲ್ಲ. ಒಂದೇ ಸ್ಯಾಂಪಲನ್ನು ಚೆನ್ನಾಗಿ ಬೆರೆಸಿ ಎರಡು ಭಾಗ ಮಾಡಿ, ಬೀಜ ತಣಿದ ಮೇಲೆ ಎರಡೂ ಮೀಟರ್‌ಗಳಲ್ಲಿ ಹಲವು ಸಲ ಓದಿ. ಎರಡರಲ್ಲೂ ಆರಿಸಿರುವುದು ರೋಬಸ್ಟಾ ಕೋಷ್ಟಕವೇ ಎಂದು ನೋಡಿ. ಆಮೇಲೂ ಅಂತರ ಉಳಿದರೆ ಪ್ರಯೋಗಾಲಯದ ಓವನ್ ಪರೀಕ್ಷೆಗೆ ಕಳಿಸಿ, ಯಾವ ಮೀಟರ್ ಎಷ್ಟು ಸರಿದಿದೆ ಎಂದು ಗೊತ್ತುಮಾಡಿಕೊಳ್ಳಿ. ಮಾರುವ ಮೊದಲೇ ಯಾವ ವಿಧಾನದ ಅಂಕಿಗೆ ಬೆಲೆ ಎಂದು ಮಾತಾಗಿರಲಿ. ಔಟ್‌ಟರ್ನ್ (ಚೆರಿಯಿಂದ ಸಿಗುವ ಬೀಜದ ಪ್ರಮಾಣ) ವಿಷಯದಲ್ಲಿ ಹೇಗೋ ಹಾಗೆ. ಬೂಷ್ಟಿನ ಚಿಂತೆ ಮಾತ್ರ ಇದ್ದರೆ ಇನ್ನೊಂದು ಅಳತೆ ಹೆಚ್ಚು ನೇರವಾದದ್ದು, ಅದು ಜಲಸಕ್ರಿಯತೆ. ಬೀಜದಲ್ಲಿರುವ ನೀರಿನಲ್ಲಿ ಸೂಕ್ಷ್ಮಜೀವಿಗಳ ಕೈಗೆ ಎಷ್ಟು ಸಿಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಸುಮಾರು 0.6ಕ್ಕಿಂತ ಕೆಳಗೆ ಬೂಷ್ಟು ಬೆಳೆಯುವುದಿಲ್ಲ.

ಇನ್ನು ಪರಮಾಣುವಿನ ಮಾತು. ಸಾಧನವಾದದ ಪ್ರಸಿದ್ಧ ಹೇಳಿಕೆ ಕೋಪರ್ನಿಕಸ್‌ನ 1543ರ ಪುಸ್ತಕದ ಬಾಗಿಲಲ್ಲೇ ಇದೆ. ಮುದ್ರಣದ ಉಸ್ತುವಾರಿ ನೋಡಿಕೊಂಡ ಆಂಡ್ರಿಯಾಸ್ ಓಸಿಯಾಂಡರ್ ತನ್ನ ಹೆಸರು ಹಾಕದೆ ಒಂದು ಮುನ್ನುಡಿ ಸೇರಿಸಿದ: ಈ ಊಹೆಗಳು ನಿಜವಾಗಿರಬೇಕಾಗಿಲ್ಲ, ಸಂಭವನೀಯವೂ ಆಗಿರಬೇಕಾಗಿಲ್ಲ, ಲೆಕ್ಕ ಆಕಾಶದೊಂದಿಗೆ ಹೊಂದಿದರೆ ಸಾಕು. ಭೂಮಿ ತಿರುಗುತ್ತದೆ ಎಂದು ಕೋಪರ್ನಿಕಸ್ ಮನಸಾರೆ ನಂಬಿದ್ದ. ಆ ಮುನ್ನುಡಿ ಅವನದ್ದಲ್ಲ ಎಂದು 1609ರಲ್ಲಿ ಕೆಪ್ಲರ್ ಬಹಿರಂಗಪಡಿಸಿದ.

ಓಸಿಯಾಂಡರ್‌ನನ್ನು ಖಂಡಿಸುವ ಮೊದಲು ತಲಕಾವೇರಿಯ ತೀರ್ಥೋದ್ಭವವನ್ನು ನೆನೆಯಿರಿ. ಅಕ್ಟೋಬರ್ ಮಧ್ಯದಲ್ಲಿ ಸೂರ್ಯ ತುಲಾ ರಾಶಿಯನ್ನು ಪ್ರವೇಶಿಸುವ ಗಳಿಗೆಯನ್ನು ಪಂಚಾಂಗ ಗಂಟೆ ನಿಮಿಷದ ಲೆಕ್ಕದಲ್ಲಿ ಮೊದಲೇ ಹೇಳುತ್ತದೆ. ಆ ಲೆಕ್ಕದಲ್ಲಿ ಚಲಿಸುವವನು ಸೂರ್ಯ. ಭೂಮಿ ಸೂರ್ಯನ ಸುತ್ತ ಹೋಗುತ್ತದೆ ಎಂದು ಬರೆದುಕೊಂಡರೂ ಅದೇ ಗಳಿಗೆ ಬರುತ್ತದೆ. ನಮ್ಮ ಗಡಿಯಾಚೆ ಕೇರಳದಲ್ಲಿದ್ದ ಪರಮೇಶ್ವರನೆಂಬ ಗಣಿತಜ್ಞ ಐವತ್ತೈದು ವರ್ಷ ಗ್ರಹಣಗಳನ್ನು ಗಮನಿಸಿ, ಹಳೆಯ ಲೆಕ್ಕ ಆಕಾಶಕ್ಕೆ ಹೊಂದದ್ದನ್ನು ಕಂಡು 1431ರಲ್ಲಿ ‘ದೃಗ್ಗಣಿತ’ವನ್ನು ರಚಿಸಿದ. ಕಣ್ಣಿಗೆ ಕಂಡದ್ದಕ್ಕೆ ಲೆಕ್ಕವನ್ನು ಹೊಂದಿಸುವುದು ಗೌರವದ ಕೆಲಸ. ಗಳಿಗೆ ತಿಳಿಯುವುದಷ್ಟೇ ಬೇಕಾಗಿದ್ದಾಗ ಸಾಧನವಾದದಲ್ಲಿ ಯಾವ ಕೊರತೆಯೂ ಇಲ್ಲ.

ಪರಮಾಣುವಿನ ವಿಷಯದಲ್ಲಿ ಇದೇ ನಿಲುವು ತಾಳಿದ್ದವರು ಭೌತವಿಜ್ಞಾನಿ ಅರ್ನ್‌ಸ್ಟ್ ಮಾಕ್, ರಸಾಯನಶಾಸ್ತ್ರಜ್ಞ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಮೊದಲಾದವರು. ರಸಾಯನಶಾಸ್ತ್ರದ ಲೆಕ್ಕಕ್ಕೆ ಪರಮಾಣು ಅನುಕೂಲ, ಆದರೆ ಯಾರೂ ಕಾಣದ್ದನ್ನು ಇದೆ ಎನ್ನುವುದೇಕೆ ಎಂಬುದು ಅವರ ವಾದ. ಆ ಕಾಲಕ್ಕೆ ಅದು ಹಟಮಾರಿತನವಾಗಿರಲಿಲ್ಲ. 1905ರಲ್ಲಿ ಐನ್‌ಸ್ಟೈನ್, ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ನಡುಗಾಟವನ್ನು ಅಣುಗಳ ಡಿಕ್ಕಿಯಿಂದ ಲೆಕ್ಕ ಹಾಕಿದರು. 1908ರಿಂದ ಜೀನ್ ಪೆರ್‍ಯಾಂ ಅದನ್ನು ಪ್ರಯೋಗದಲ್ಲಿ ಅಳೆದರು. ಒಂದು ಮೋಲ್ ವಸ್ತುವಿನಲ್ಲಿ ಎಷ್ಟು ಅಣುಗಳಿವೆ ಎಂಬ ಸಂಖ್ಯೆಯನ್ನು ಒಂದಕ್ಕೊಂದು ಸಂಬಂಧವಿಲ್ಲದ ಹನ್ನೆರಡಕ್ಕೂ ಹೆಚ್ಚು ದಾರಿಗಳಿಂದ, ಆಕಾಶದ ನೀಲಿಯಿಂದ, ವಿಕಿರಣದಿಂದ, ಕಣಗಳ ನಡುಗಾಟದಿಂದ ತೆಗೆದಾಗ ಎಲ್ಲವೂ 6 × 10²³ರ ಆಸುಪಾಸಿಗೆ ಬಂದವು. ಅಣುಗಳು ಬರೀ ಲೆಕ್ಕದ ಅನುಕೂಲವಾಗಿದ್ದರೆ ಈ ದಾರಿಗಳೆಲ್ಲ ಒಂದೇ ಕಡೆ ಸೇರಲು ಕಾರಣವೇ ಇಲ್ಲ. ಓಸ್ಟ್‌ವಾಲ್ಡ್ ಸೋಲೊಪ್ಪಿದರು. ನಿಮ್ಮ ಮಗಳಿಗೆ ನಾನು ಓದಲು ಹೇಳುವುದು ಈ ಅಧ್ಯಾಯವನ್ನೇ.

ಇದಕ್ಕೆ ಎದುರು ವಾದವೂ ಇದೆ, ಅದನ್ನು ಮುಚ್ಚಿಡಬಾರದು. ಕ್ಯಾಲೊರಿಕ್ ಎಂಬ ಶಾಖದ ದ್ರವ, ಬೆಳಕನ್ನು ಹೊತ್ತೊಯ್ಯುವ ಈಥರ್, ಇವೆರಡೂ ತಮ್ಮ ಕಾಲದಲ್ಲಿ ಯಶಸ್ವಿಯಾದ ಸಿದ್ಧಾಂತಗಳ ಪಾತ್ರಗಳೇ. ಎರಡೂ ಇಲ್ಲವೆಂದು ಆಮೇಲೆ ತಿಳಿಯಿತು. ಯಶಸ್ಸಿನಿಂದ ಸತ್ಯವನ್ನು ಊಹಿಸಬೇಡಿ ಎಂದು ತತ್ತ್ವಶಾಸ್ತ್ರಜ್ಞ ಲ್ಯಾರಿ ಲಾಡನ್ 1981ರಲ್ಲಿ ಹೇಳಿದ್ದು ಇದಕ್ಕೇ. ನನ್ನ ಉತ್ತರ: ಬರೀ ಯಶಸ್ಸು ಸಾಲದು ನಿಜ, ಆದರೆ ಸ್ವತಂತ್ರವಾದ ಹಲವು ದಾರಿಗಳು ಒಂದೇ ಸಂಖ್ಯೆಗೆ ತಲುಪುವುದು ಸಾಮಾನ್ಯ ಯಶಸ್ಸಿಗಿಂತ ಭಾರವಾದ ಸಾಕ್ಷಿ. ಈಥರ್‌ಗೆ ಅಂಥದ್ದು ಎಂದೂ ಸಿಗಲಿಲ್ಲ. ಅದನ್ನು ಹುಡುಕಿ ಹೊರಟ ಪ್ರಯೋಗಗಳು ಬರಿಗೈಯಲ್ಲಿ ಬಂದವು.

ಈ ಚರ್ಚೆ ನಮ್ಮ ಜಿಲ್ಲೆಗೆ ಎಷ್ಟು ಹತ್ತಿರದ್ದು ಎಂಬುದನ್ನು ಹೇಳದಿದ್ದರೆ ಉತ್ತರ ಅರ್ಧವಾದೀತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲದ ಕಡೆ ಬೆಟ್ಟಗಳು ಜಾರಿದವು. ಭೂಕುಸಿತದ ಮುನ್ನೆಚ್ಚರಿಕೆಗೆ ಎರಡು ದಾರಿಗಳಿವೆ. ಒಂದು, ಹಿಂದಿನ ಕುಸಿತಗಳ ಸಮಯದಲ್ಲಿ ಎಷ್ಟು ಹೊತ್ತು ಎಷ್ಟು ಮಳೆ ಬಿದ್ದಿತ್ತು ಎಂದು ಕೂಡಿಸಿ ಒಂದು ಮಿತಿ ಎಳೆಯುವುದು. 1980ರಲ್ಲಿ ನೆಲ್ ಕೇಯ್ನ್ ಜಗತ್ತಿನ ಹಲವೆಡೆಯ ಘಟನೆಗಳಿಂದ ಇಂಥ ಮಿತಿಯೊಂದನ್ನು ಕೊಟ್ಟರು. ಮಣ್ಣಿನೊಳಗೆ ಏನಾಗುತ್ತದೆ ಎಂದು ಅದು ಕೇಳುವುದಿಲ್ಲ. ಇದು ಅಪ್ಪಟ ಸಾಧನವಾದ, ಮತ್ತು ಜೀವ ಉಳಿಸಬಲ್ಲ ಸಾಧನವಾದ. ಇನ್ನೊಂದು, ಮಣ್ಣಿನ ರಂಧ್ರಗಳಲ್ಲಿ ಏರುವ ನೀರಿನ ಒತ್ತಡವನ್ನು ಲೆಕ್ಕ ಹಾಕುವುದು. ಇಳಿಜಾರನ್ನು ಹಿಡಿದು ನಿಲ್ಲಿಸಿರುವುದು ಮಣ್ಣಿನ ಕಣಗಳ ನಡುವಿನ ಘರ್ಷಣೆ. ರಂಧ್ರದ ನೀರಿನ ಒತ್ತಡ ಏರಿದಂತೆ ಕಣಗಳು ಒಂದನ್ನೊಂದು ಒತ್ತಿ ಹಿಡಿಯುವ ಬಲ ಇಳಿಯುತ್ತದೆ ಎಂಬುದನ್ನು ಕಾರ್ಲ್ ಟೆರ್ಝಾಗಿ 1920ರ ದಶಕದಲ್ಲಿ ವಿವರಿಸಿದರು.

ಮಿತಿಯ ಸೂತ್ರ ಪರಿಸ್ಥಿತಿ ಹಾಗೆಯೇ ಇರುವವರೆಗೆ ನಡೆಯುತ್ತದೆ. ರಸ್ತೆಗೆಂದು ಬೆಟ್ಟದ ಬುಡ ಕಡಿದರೆ, ಇಳಿಜಾರನ್ನು ಮಟ್ಟಮಾಡಿದರೆ, ನೀರು ಹರಿಯುವ ದಾರಿ ಕಟ್ಟಿದರೆ, ನಿನ್ನೆಯ ಮಿತಿ ಇವತ್ತಿಗೆ ಹೊಂದದು. ಎಷ್ಟರಮಟ್ಟಿಗೆ ಹೊಂದದು ಎಂದು ಹೇಳಬಲ್ಲದ್ದು ಕಾಣದ ಆ ರಂಧ್ರದ ಒತ್ತಡವನ್ನು ನಿಜವೆಂದು ಹಿಡಿದು ಹೊರಟ ಸಿದ್ಧಾಂತ ಮಾತ್ರ. ಅಳತೆಯ ವ್ಯಾಖ್ಯೆಯೂ ಇಲ್ಲಿ ಕಾಡುತ್ತದೆ. ಹವಾಮಾನ ಇಲಾಖೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗಿನ ಮಳೆಯನ್ನು ಒಂದು ದಿನದ್ದೆಂದು ಲೆಕ್ಕಕ್ಕೆ ಹಿಡಿಯುತ್ತದೆ, 204.5 ಮಿಲಿಮೀಟರ್, ನಮ್ಮ ತೋಟದ ಲೆಕ್ಕದಲ್ಲಿ 8 ಇಂಚು 5 ಸೆಂಟ್ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ), ಮುಟ್ಟಿದರೆ ಅದು ‘ಅತ್ಯಂತ ಭಾರೀ ಮಳೆ’. ರಾತ್ರಿಯಿಡೀ 150 ಮಿಲಿಮೀಟರ್, 8.30ರ ನಂತರ ಮತ್ತೆ 150 ಸುರಿದರೆ ದಾಖಲೆಯ ಎರಡು ದಿನಗಳಲ್ಲಿ ಯಾವುದೂ ಆ ವರ್ಗಕ್ಕೆ ಸೇರದೆ ಹೋಗಬಹುದು. ಬೆಟ್ಟದೊಳಗೆ ಇಳಿದದ್ದು ಮಾತ್ರ ಪೂರ್ತಿ 300.

ತತ್ತ್ವಶಾಸ್ತ್ರಜ್ಞ ಕಾರ್ಲ್ ಪಾಪರ್ ಸಾಧನವಾದದ ಮೇಲೆ ಹೊರಿಸಿದ ಮುಖ್ಯ ಆರೋಪ ಇದಕ್ಕೆ ಸೇರಿದ್ದು. ಸಲಕರಣೆ ಎಂದೂ ಸುಳ್ಳಾಗುವುದಿಲ್ಲ, ಒಂದು ಕಡೆ ಕೆಲಸ ಮಾಡದಿದ್ದರೆ ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತೇವೆ. ಸಿದ್ಧಾಂತ ನಿಜವೆಂದು ಹೇಳಿಕೊಂಡಾಗ ಮಾತ್ರ ಅದು ತಪ್ಪಿದ ಕಡೆ ‘ಏಕೆ’ ಎಂದು ಕೇಳಲೇಬೇಕಾಗುತ್ತದೆ.

ಎಲೆಕ್ಟ್ರಾನ್ ವಿಷಯದಲ್ಲಿ ಮಗಳಿಗೆ ಸ್ವಲ್ಪ ಜಾಗ ಬಿಡುತ್ತೇನೆ. ಎಲೆಕ್ಟ್ರಾನ್ ಇದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದನ್ನು ವರ್ಣಿಸುವ ತರಂಗಫಲನ ಜಗತ್ತಿನಲ್ಲಿರುವ ವಸ್ತುವೇ, ಸಂಭವನೀಯತೆ ತೆಗೆಯುವ ನಮ್ಮ ಲೆಕ್ಕವೇ ಎಂಬುದು ಇಂದಿಗೂ ತೆರೆದ ಪ್ರಶ್ನೆ. ಕ್ವಾಂಟಂ ಲೆಕ್ಕ ಎಲೆಕ್ಟ್ರಾನ್‌ನ ಕಾಂತೀಯ ಗುಣವನ್ನು ಹತ್ತಕ್ಕೂ ಹೆಚ್ಚು ಅಂಕಿಗಳವರೆಗೆ ಸರಿಯಾಗಿ ಹೇಳುತ್ತದೆ, ಆ ಲೆಕ್ಕದ ಹಿಂದೆ ಏನಿದೆ ಎಂಬುದರ ಬಗ್ಗೆ ಭೌತವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಇಲ್ಲಿ ಲೆಕ್ಕಕ್ಕೆ ನಿಂತುಬಿಡುವುದು ಒಪ್ಪಬಹುದಾದ ನಿಲುವೇ. ಆದರೂ 1964ರಲ್ಲಿ ಜಾನ್ ಬೆಲ್ ಅಲ್ಲಿಗೆ ನಿಲ್ಲಲಿಲ್ಲ. ಹಿಂದೆ ಏನಿರಬಹುದು ಎಂದು ಕೇಳಿ, ಕೆಲವು ಉತ್ತರಗಳನ್ನು ಪ್ರಯೋಗದಿಂದಲೇ ತಳ್ಳಿಹಾಕಬಹುದು ಎಂದು ತೋರಿಸಿದರು. ಆ ಪ್ರಯೋಗಗಳಿಗೆ 2022ರಲ್ಲಿ ಕ್ಲೌಸರ್, ಆಸ್ಪೆ, ಜೈಲಿಂಗರ್ ನೊಬೆಲ್ ಪಡೆದರು. ಬೆಲ್‌ರ ಆ ಪ್ರಮೇಯವನ್ನೇ ಆಧರಿಸಿ 1991ರಲ್ಲಿ ಆರ್ಥರ್ ಎಕರ್ಟ್ ಗುಪ್ತಸಂದೇಶ ಕಳಿಸುವ ಹೊಸ ವಿಧಾನವೊಂದನ್ನು ರೂಪಿಸಿದರು. ತರಗತಿಯಲ್ಲಿ ಕ್ವಾಂಟಂ ಪಾಠ ಬಂದಾಗ ಬೆಲ್‌ರ ಅಸಮತೆಯ ಬಗ್ಗೆ ಅಧ್ಯಾಪಕರನ್ನು ಕೇಳಲು ಅವಳಿಗೆ ಹೇಳಿ. ಅದರ ಗಣಿತ ಬಿಎಸ್‌ಸಿ ಮಟ್ಟಕ್ಕೆ ಎಟುಕುವಂಥದ್ದೇ.